ಅಂಕ ಹಾಡಿಗೋ, ಹಾಡುವ ಹುಡುಗಿಗೋ?

2025ರ ಸೆಪ್ಟೆಂಬರ್‌ನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಚಿತ್ರ ನಮ್ಮಲ್ಲಿ ಬಿಡುಗಡೆಯಾದಾಗ ಪಿ.ಜಿ.ಯ ನಾಲ್ವರು ಗೆಳೆಯರು ಬೆಳಗಿನ ಶೋಗೆ ಹೋಗಿದ್ದೆವು. ಜಪಾನಿ ಭಾಷೆ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಆದರೂ ಆ ಚಿತ್ರಕ್ಕೆ ಹಾಡಿದ ಎಮೇ ಮತ್ತು ಲಿಸಾ ಎಂಬ ಇಬ್ಬರು ಗಾಯಕಿಯರಲ್ಲಿ ಯಾರು ಮೇಲು ಎಂಬ ಜಗಳ ಮೆಟ್ರೊದಲ್ಲೇ ಶುರುವಾಯಿತು. ಒಬ್ಬ ಯೂಟ್ಯೂಬ್ ತೆರೆದು ವ್ಯೂಸ್ ಓದಿದ. ಇನ್ನೊಬ್ಬ ಯಾವುದೋ ಚಾರ್ಟ್ ತೋರಿಸಿದ. ಮೂರನೆಯವನು ‘ಮೊದ್ಲು ಇಬ್ರದ್ದೂ ಫೋಟೊ ತೋರಿಸ್ರೋ’ ಅಂದ. ಎಲ್ಲರೂ ನಕ್ಕೆವು. ಇಳಿಯುವ ಸ್ಟೇಷನ್ ಬಂದಾಗ ನನಗೆ ಹೊಳೆಯಿತು: ಅರ್ಧ ಗಂಟೆ ಜಗಳವಾಡಿದ ನಾವು ಹಾಡಿನ ಬಗ್ಗೆ ಒಂದೇ ಒಂದು ಮಾತೂ ಆಡಿರಲಿಲ್ಲ.

ಇದು ನಮ್ಮ ನಾಲ್ವರ ತಪ್ಪು ಮಾತ್ರವಲ್ಲ. ಜಪಾನಿನ ಪಾಪ್ ಉದ್ಯಮವೂ ತನ್ನ ಗಾಯಕಿಯರನ್ನು ಹಾಡಿಗಿಂತ ಹೆಚ್ಚಾಗಿ ಬೇರೆ ಬೇರೆ ಲೆಕ್ಕಗಳಿಂದಲೇ ಅಳೆಯುತ್ತ ಬಂದಿದೆ. ಆ ಅಳತೆಗೋಲು ಈಗ ಬದಲಾಗುತ್ತಿದೆ. ಅವರ ಹಾಡು ನಮ್ಮ ಇಯರ್‌ಫೋನಿಗೂ ಬಂದಿರುವಾಗ ನಾವು ಯಾವ ಕೋಲು ಹಿಡಿದಿದ್ದೇವೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಕೈ ಕುಲುಕಲು ಒಂದು ಸಿ.ಡಿ.

ನಮ್ಮಲ್ಲಿ ಹಾಡು ಹೆಚ್ಚಾಗಿ ಸಿನಿಮಾದ ಜತೆಗೇ ಬರುತ್ತದೆ. ಜಪಾನಿನಲ್ಲಿ ಒಂದೆರಡು ಹಾಡುಗಳಿರುವ ‘ಸಿಂಗಲ್’ ತಾನೇ ಒಂದು ಸರಕು. ಅದಕ್ಕೆ ತನ್ನದೇ ಕವರ್, ತನ್ನದೇ ಬೆಲೆ, ತನ್ನದೇ ಚಾರ್ಟ್. ಜಗತ್ತಿನ ಎರಡನೇ ಅತಿ ದೊಡ್ಡ ಸಂಗೀತ ಮಾರುಕಟ್ಟೆ ಅದು. ಬೇರೆ ದೇಶಗಳು ಸ್ಟ್ರೀಮಿಂಗ್‌ಗೆ ಹೊರಳಿ ಎಷ್ಟೋ ವರ್ಷವಾದರೂ ಅಲ್ಲಿ ಸಿ.ಡಿ. ಮಾರಾಟ ಜೋರಾಗಿಯೇ ಉಳಿಯಿತು.

ಅದಕ್ಕೆ ಒಂದು ಕಾರಣ ಐಡಲ್ ತಂಡಗಳು. 2005ರಲ್ಲಿ ಟೋಕಿಯೊದ ಅಕಿಹಬಾರದಲ್ಲಿ ಯಾಸುಶಿ ಅಕಿಮೊಟೊ ಎಂಬ ನಿರ್ಮಾಪಕರು ‘ಎಕೆಬಿ48’ ಕಟ್ಟಿದರು. ಟಿ.ವಿ.ಯಲ್ಲಿ ದೂರದಿಂದ ನೋಡುವ ತಾರೆಯರ ಬದಲು, ಹೋಗಿ ಭೇಟಿಯಾಗಬಹುದಾದ ಹುಡುಗಿಯರು ಎಂಬುದು ಅವರ ಲೆಕ್ಕ. ಸಿ.ಡಿ.ಯೊಳಗೆ ಕೈ ಕುಲುಕುವ ಕಾರ್ಯಕ್ರಮದ ಟಿಕೆಟ್ ಇರುತ್ತಿತ್ತು. 2009ರಿಂದ 2018ರವರೆಗೆ ಪ್ರತಿವರ್ಷ ತಂಡದೊಳಗೆ ‘ಚುನಾವಣೆ’ ನಡೆಯುತ್ತಿತ್ತು; ಮುಂದಿನ ಸಿಂಗಲ್‌ನಲ್ಲಿ ಮುಂದಿನ ಸಾಲಿಗೆ ಯಾರು ಬರಬೇಕೆಂದು ಅಭಿಮಾನಿಗಳೇ ಮತ ಹಾಕುತ್ತಿದ್ದರು. ಮತಪತ್ರ ಬೇಕೆಂದರೆ ಸಿ.ಡಿ. ಕೊಳ್ಳಬೇಕು. ನೂರು ಮತ ಹಾಕಬೇಕೆಂದರೆ ನೂರು ಸಿ.ಡಿ.

ಕೊಂಡ ಸಿ.ಡಿ.ಗಳನ್ನು ಕೇಳುವವರು ಯಾರು? 2017ರಲ್ಲಿ ಫುಕುಒಕಾ ಪ್ರಾಂತ್ಯದ ಬೆಟ್ಟದಲ್ಲಿ ಈ ತಂಡದ ಐನೂರಕ್ಕೂ ಹೆಚ್ಚು ಸಿ.ಡಿ.ಗಳನ್ನು ಸುರಿದುಹೋದ ಅಭಿಮಾನಿಯ ಮೇಲೆ ಪೊಲೀಸರು ಕ್ರಮ ಕೈಗೊಂಡರು. ಅವನ್ನೆಲ್ಲ ಕೊಂಡದ್ದು ಮತಕ್ಕಾಗಿ. ಹಾಡು ಕಸವಾಯಿತು, ಲೆಕ್ಕ ಮಾತ್ರ ಚಾರ್ಟಿನಲ್ಲಿ ಉಳಿಯಿತು.

ಈ ವ್ಯವಸ್ಥೆಯ ಪರವಾಗಿಯೂ ಮಾತಿದೆ. ದೊಡ್ಡ ಸಂಗೀತ ಶಾಲೆಯಲ್ಲಿ ಕಲಿಯದ ಸಾಮಾನ್ಯ ಮನೆಯ ಹುಡುಗಿಗೂ ವೇದಿಕೆ ಸಿಕ್ಕಿತು. ಮಹಾನಗರದಲ್ಲಿ ಒಂಟಿಯಾಗಿ ದುಡಿಯುವ ಮನುಷ್ಯನಿಗೆ ವಾರಕ್ಕೊಮ್ಮೆ ನಗುತ್ತ ‘ಹೇಗಿದ್ದೀರಿ?’ ಎನ್ನುವವರು ಸಿಕ್ಕರು. ಅದನ್ನು ಗೇಲಿ ಮಾಡುವುದು ಸುಲಭ. ಊರು ಬಿಟ್ಟು ಪಿ.ಜಿ.ಯಲ್ಲಿರುವ ನನ್ನಂಥವನಿಗೆ ಗೇಲಿ ಮಾಡುವ ಮನಸ್ಸಾಗುವುದಿಲ್ಲ. ಆದರೆ ಆ ನಗುವಿನ ಬೆಲೆಯನ್ನು ಹುಡುಗಿಯರು ಕಟ್ಟಿದರು ಎಂಬುದನ್ನೂ ಮರೆಯಬಾರದು.

ಪ್ರೀತಿಸಿದರೆ ದಂಡ

ಐಡಲ್‌ಗಳಿಗೆ ಪ್ರೇಮ ನಿಷಿದ್ಧ ಎಂಬ ಷರತ್ತು ಎಷ್ಟೋ ಒಪ್ಪಂದಗಳಲ್ಲಿತ್ತು. 2015ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ, ಈ ಷರತ್ತು ಮುರಿದ 17 ವರ್ಷದ ಗಾಯಕಿಯೊಬ್ಬಳು ಕಂಪನಿಗೆ 6.5 ಲಕ್ಷ ಯೆನ್ ಕಟ್ಟಬೇಕೆಂದು ತೀರ್ಪು ಕೊಟ್ಟಿತು. ಮರುವರ್ಷ ಜನವರಿಯಲ್ಲಿ ಅದೇ ನ್ಯಾಯಾಲಯದ ಬೇರೊಬ್ಬ ನ್ಯಾಯಾಧೀಶರು ಇಂಥದೇ ಇನ್ನೊಂದು ದಾವೆಯನ್ನು ತಳ್ಳಿಹಾಕಿದರು. ಪ್ರೀತಿಸುವುದು ಮನುಷ್ಯರು ಸುಖವನ್ನು ಅರಸುವ ಹಕ್ಕಿಗೆ ಸೇರಿದ್ದು ಎಂದರು. ಕೆಲಸಕ್ಕೆ ಸೇರುವ ಮುನ್ನ ಬಾಂಡ್‌ಗೆ ಸಹಿ ಹಾಕಿದವರಿಗೆ ಕಾಗದದ ಮೇಲಿನ ಸಣ್ಣ ಅಕ್ಷರಗಳ ಭಾರ ಗೊತ್ತು. ಇಲ್ಲಿ ಆ ಸಣ್ಣ ಅಕ್ಷರಗಳು ಹದಿಹರೆಯದ ಹುಡುಗಿಯ ಮನಸ್ಸನ್ನೇ ಅಡವಿಟ್ಟುಕೊಂಡಿದ್ದವು.

2018ರ ಕೊನೆಯಲ್ಲಿ ನೀಗಾಟಾ ನಗರದ ತಂಡವೊಂದರ ಗಾಯಕಿಯ ಮೇಲೆ ಅವರ ಮನೆಯ ಬಾಗಿಲಲ್ಲೇ ಹಲ್ಲೆಯಾಯಿತು. ಸುಮಾರು ಒಂದು ತಿಂಗಳ ನಂತರ ವೇದಿಕೆ ಹತ್ತಿದ ಆಕೆಯೇ, ಎಲ್ಲರಿಗೂ ತೊಂದರೆಯಾಯಿತೆಂದು ಕ್ಷಮೆ ಕೇಳಿದರು. ಹೊಡೆಸಿಕೊಂಡವರು ಕ್ಷಮೆ ಕೇಳಿದ್ದನ್ನು ಕಂಡು ಜಪಾನಿನ ಸಾಮಾನ್ಯ ಜನರೇ ಸಿಟ್ಟಿಗೆದ್ದರು.

ಈ ಹಿನ್ನೆಲೆ ಗೊತ್ತಿದ್ದರೆ 2023ರ ‘ಐಡಲ್’ ಹಾಡು ಬೇರೆಯೇ ರೀತಿ ಕೇಳುತ್ತದೆ. ಅಯಾಸೆ ಸಂಗೀತ ಕಟ್ಟಿ ಇಕುರಾ ಹಾಡುವ ‘ಯೊಆಸೊಬಿ’ ಜೋಡಿಯ ಈ ಸಿಂಗಲ್, ‘ಒಶಿ ನೊ ಕೊ’ ಅನಿಮೆಯ ಆರಂಭಗೀತೆ. ಅಭಿಮಾನಿಗಳಿಗಾಗಿ ಸುಳ್ಳು ನಗೆ ನಗುತ್ತ, ಆ ಸುಳ್ಳೇ ಒಂದು ದಿನ ನಿಜವಾದೀತೆಂದು ಕಾಯುವ ಗಾಯಕಿ ಅದರ ನಾಯಕಿ. ಕುಣಿಸುವ ತಾಳ, ಒಳಗೆ ಕಹಿ. ಅಮೆರಿಕವನ್ನು ಬಿಟ್ಟು ಉಳಿದ ಜಗತ್ತನ್ನು ಲೆಕ್ಕಹಾಕುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಜಪಾನಿ ಹಾಡು ಇದು. ಐಡಲ್ ಉದ್ಯಮದ ಗಾಯವನ್ನು ಹೇಳುವ ಹಾಡೇ ಆ ದೇಶದ ಅತಿ ದೊಡ್ಡ ರಫ್ತು ಸರಕಾಯಿತು. ನಾವು ಅದರ ರೀಲ್ಸ್ ಮಾಡಿ ಕುಣಿದೆವು.

ಮುಖವಿಲ್ಲದ ದನಿ

ಇದೇ ಹೊತ್ತಿನಲ್ಲಿ ಇನ್ನೊಂದು ದಾರಿಯೂ ತೆರೆದುಕೊಂಡಿತು. 2020ರ ಅಕ್ಟೋಬರ್‌ನಲ್ಲಿ, 18 ತುಂಬುವ ಹಿಂದಿನ ದಿನ, ಆಡೊ ಎಂಬ ಹುಡುಗಿ ‘ಉಸ್ಸೇವಾ’ ಎಂಬ ಸಿಂಗಲ್ ತಂದರು. ‘ಸಾಕು, ಬಾಯ್ಮುಚ್ಚು’ ಎಂಬ ಧಾಟಿಯ ಶೀರ್ಷಿಕೆ. ಆಫೀಸಿನ ಶಿಸ್ತು, ಪಾರ್ಟಿಯಲ್ಲಿ ಹಿರಿಯರ ಗ್ಲಾಸು ತುಂಬಿಸುವ ಮರ್ಯಾದೆ, ಎಲ್ಲದರ ಮೇಲೂ ಗುಡುಗುವ ಹಾಡು. ಪುಟ್ಟ ಮಕ್ಕಳೂ ಅದನ್ನು ಹಾಡತೊಡಗಿದಾಗ ಅಪ್ಪ ಅಮ್ಮಂದಿರು ಗಾಬರಿಯಾದರು. ಆಡೊ ಮುಖ ತೋರಿಸುವುದಿಲ್ಲ. ಶುರುವಿನಲ್ಲಿ ಮನೆಯ ಬಟ್ಟೆ ಕಪಾಟಿನೊಳಗೆ ಕೂತು ಹಾಡು ರೆಕಾರ್ಡ್ ಮಾಡುತ್ತಿದ್ದವರು. ಈಗಲೂ ವೇದಿಕೆಯಲ್ಲಿ ಕಾಣುವುದು ನೆರಳು ಮಾತ್ರ. 2022ರಲ್ಲಿ ‘ಒನ್ ಪೀಸ್ ಫಿಲ್ಮ್: ರೆಡ್’ ಚಿತ್ರಕ್ಕೆ ಹಾಡಿದ ‘ನ್ಯೂ ಜೆನೆಸಿಸ್’ ಆ್ಯಪಲ್ ಮ್ಯೂಸಿಕ್‌ನ ಜಾಗತಿಕ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. 2024ರಲ್ಲಿ ಟೋಕಿಯೊದ ಹೊಸ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಏಕವ್ಯಕ್ತಿ ಕಾರ್ಯಕ್ರಮ ಕೊಟ್ಟ ಮೊದಲ ಗಾಯಕಿಯೂ ಅವರೇ.

ಮುಖ ಕಾಣದ ಗಾಯಕಿ ನಮಗೇನೂ ಹೊಸಬರಲ್ಲ. ಎಸ್. ಜಾನಕಿ, ಪಿ. ಸುಶೀಲಾ ಅವರ ದನಿಯನ್ನು ನಮ್ಮ ಅಜ್ಜಿಯರು ರೇಡಿಯೊದಲ್ಲಿ ಕೇಳಿಯೇ ಒಲಿದದ್ದು. ಅವರು ಹೇಗಿದ್ದಾರೆ ಎಂದು ಯಾರೂ ವಿಚಾರಿಸಲಿಲ್ಲ. ಜಪಾನಿನಲ್ಲೂ ‘ಜಾರ್ಡ್’ ಹೆಸರಿನಲ್ಲಿ ಹಾಡುತ್ತಿದ್ದ ಇಜುಮಿ ಸಕಾಯ್ ಟಿ.ವಿ.ಯಲ್ಲಿ ಕಾಣಿಸಿದ್ದೇ ಅಪರೂಪ. ಅವರೇ ಬರೆದು ಹಾಡಿದ 1993ರ ‘ಮಕೆನೈದೆ’ ಸಿಂಗಲ್‌ನ ಹೆಸರಿಗೆ ‘ಸೋಲಬೇಡ’ ಎಂದರ್ಥ. ಅಲ್ಲಿನ ಆರ್ಥಿಕತೆಯ ಗುಳ್ಳೆ ಒಡೆದು, ಪದವಿ ಮುಗಿಸಿದವರಿಗೆ ಕೆಲಸ ಸಿಗದ ವರ್ಷಗಳು ಶುರುವಾಗುತ್ತಿದ್ದ ಕಾಲವದು. ಪರೀಕ್ಷೆಗೆ, ಓಟಕ್ಕೆ, ಸಂದರ್ಶನಕ್ಕೆ ಹೊರಟವರ ಹಾಡಾಗಿ ಅದು ಇಂದಿಗೂ ಉಳಿದಿದೆ.

ಹಾಗೆಂದು ಮುಖ ಮುಚ್ಚಿದರೆ ಎಲ್ಲ ಸರಿಯಾಗುತ್ತದೆ ಎನ್ನಲಾಗದು. ಮುಖ ಕಾಣದಿರುವುದೂ ಒಂದು ಬ್ರ್ಯಾಂಡ್ ಆಗಬಲ್ಲದು. ಸಿ.ಡಿ. ಎಣಿಕೆಯ ಜಾಗಕ್ಕೆ ಬಂದ ಸ್ಟ್ರೀಮಿಂಗ್ ಎಣಿಕೆಯೂ ಪೂರ್ತಿ ನಿಷ್ಪಕ್ಷಪಾತಿಯಲ್ಲ. ದೊಡ್ಡ ಅನಿಮೆಯ ಹಾಡಿಗೆ ಸಿಗುವ ಕಿವಿಗಳು ಒಂಟಿ ಸಿಂಗಲ್‌ಗೆ ಸಿಗುವುದಿಲ್ಲ. ಗಾಯಕಿ ತನ್ನ ಖಾಸಗಿ ಬದುಕನ್ನು ಉಳಿಸಿಕೊಳ್ಳಲು ಅಡಗಿಕೊಳ್ಳಬೇಕಾಗಿ ಬಂದರೆ, ತಿದ್ದಿಕೊಳ್ಳಬೇಕಾದದ್ದು ನೋಡುವವರ ಕಣ್ಣು.

ತಡವಾಗಿ ಬಂದ ಕಿವಿಗಳು

ಲೆಕ್ಕ ಎಷ್ಟು ತಪ್ಪಬಹುದು ಎಂಬುದಕ್ಕೆ ಮರಿಯಾ ತಾಕೆಯುಚಿ ಅವರ ‘ಪ್ಲಾಸ್ಟಿಕ್ ಲವ್’ ಸಾಕ್ಷಿ. ಮದುವೆಯಾಗಿ ಕೆಲಕಾಲ ಬಿಡುವು ತೆಗೆದುಕೊಂಡಿದ್ದ ಅವರು 1984ರಲ್ಲಿ ಎಲ್ಲ ಹಾಡುಗಳನ್ನೂ ತಾವೇ ಬರೆದ ಆಲ್ಬಂ ಜತೆ ಮರಳಿದರು. ಅದರ ಈ ಹಾಡು ಮರುವರ್ಷ ಸಿಂಗಲ್ ಆಗಿ ಬಂದಾಗ ಮಾರಾಟವಾದದ್ದು ಸುಮಾರು 10 ಸಾವಿರ ಪ್ರತಿ. 2017ರಲ್ಲಿ ಯಾರೋ ಅನುಮತಿಯಿಲ್ಲದೆ ಯೂಟ್ಯೂಬ್‌ಗೆ ಹಾಕಿದ ಅದೇ ಹಾಡನ್ನು ಜಗತ್ತಿನ ಮೂಲೆಮೂಲೆಯವರು ಎರಡು ಕೋಟಿಗೂ ಹೆಚ್ಚು ಸಲ ಕೇಳಿದರು. ಕಂಪನಿ ಪೂರ್ಣ ಪ್ರಮಾಣದ ವಿಡಿಯೊ ತಂದದ್ದು 2021ರಲ್ಲಿ. ಹಾಡು ಬದಲಾಗಿರಲಿಲ್ಲ, ಕೇಳುವವರು ಬದಲಾಗಿದ್ದರು.

ಎಲ್ಲರಿಗೂ ಈ ಭಾಗ್ಯ ಬರುವುದಿಲ್ಲ. ಮಿಕಿ ಮಾತ್ಸುಬಾರಾ 1979ರಲ್ಲಿ ಹಾಡಿದ ‘ಸ್ಟೇ ವಿತ್ ಮಿ’ 2020ರ ಡಿಸೆಂಬರ್‌ನಲ್ಲಿ ಸ್ಪಾಟಿಫೈನ ಜಾಗತಿಕ ವೈರಲ್ ಪಟ್ಟಿಯ ತುದಿಗೇರಿತು. ಅದನ್ನು ನೋಡಲು ಅವರಿರಲಿಲ್ಲ. 2004ರಲ್ಲೇ, 44ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ‘ಒಳ್ಳೆಯದಕ್ಕೆ ಎಂದಾದರೂ ಬೆಲೆ ಬಂದೇ ಬರುತ್ತದೆ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಇವರು ನೆನಪಾಗುತ್ತಾರೆ. ಬೆಲೆ ಬರಬಹುದು, ಸಮಯಕ್ಕೆ ಬರುತ್ತದೆ ಎಂಬ ಭರವಸೆ ಇಲ್ಲ. ಆದ್ದರಿಂದ ಇಂದು ಹಾಡುತ್ತಿರುವವರನ್ನು ಇಂದೇ ಸರಿಯಾಗಿ ಕೇಳುವುದು ನಮ್ಮ ಪಾಲಿನ ಕೆಲಸ.

ಕಟ್ ಆಫ್, ಪರ್ಸೆಂಟೇಜ್, ಪ್ಯಾಕೇಜ್‌ಗಳಲ್ಲೇ ಅಳೆಸಿಕೊಳ್ಳುತ್ತಿರುವ ನಮಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಸಂಖ್ಯೆ ಪೂರ್ತಿ ಸುಳ್ಳಲ್ಲ, ಆದರೆ ಅದು ಎಣಿಸಿದ್ದನ್ನು ಮಾತ್ರ ಹೇಳುತ್ತದೆ. ಆರು ತಿಂಗಳಿಂದ ರೆಸ್ಯೂಮೆ ಕಳಿಸುತ್ತಿರುವ ನಾನು, ಒಂದು ಸಾಲಿನ ಅಂಕ ನೋಡಿ ಪಕ್ಕಕ್ಕಿಟ್ಟವರನ್ನು ಬೈದುಕೊಂಡಿದ್ದೇನೆ. ಅಂದು ಮೆಟ್ರೊದಲ್ಲಿ ನಾನೂ ಮಾಡಿದ್ದು ಅದನ್ನೇ.

ಈಗ ನಮ್ಮ ರೂಮಿನಲ್ಲಿ ಒಂದು ನಿಯಮವಿದೆ. ಹಾಡಿನ ಬಗ್ಗೆ ಅಭಿಪ್ರಾಯ ಹೇಳಬೇಕೆನ್ನುವವನು ಮೊದಲು ಫೋನನ್ನು ಬೋರಲು ಹಾಕಿ ಹಾಡನ್ನು ಪೂರ್ತಿ ಕೇಳಬೇಕು. ಆಮೇಲೆ ಸಾಹಿತ್ಯದ ಅರ್ಥ ಹುಡುಕಿ ಇನ್ನೊಮ್ಮೆ ಕೇಳಬೇಕು. ವ್ಯೂಸ್, ಫೋಟೊ ಎಲ್ಲ ಕೊನೆಗೆ. ಎಮೇಯೋ ಲಿಸಾನೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಅದೀಗ ಹಾಡಿನ ಬಗ್ಗೆ ನಡೆಯುತ್ತಿದೆ.