ಬೋರ್ಡ್ ಹಾಕಿದವರೆಲ್ಲ ಆಹಾರ ತಜ್ಞರೇ?

ಡಬ್ಬಿ ಪುಡಿ ಮಾರುವವರೂ ಈಗ ‘ನ್ಯೂಟ್ರಿಷನಿಸ್ಟ್’ ಎಂದು ಬೋರ್ಡ್ ಹಾಕುತ್ತಾರೆ! ಶುಗರ್ ಇದ್ದವರು ಅವರ ಮಾತು ನಂಬಿ ಗುಳಿಗೆ ಬಿಟ್ಟರೆ ಹೊಣೆ ಯಾರ್ರೀ? 2021ರ ಕೇಂದ್ರ ಕಾಯ್ದೆ ಡಯಟಿಷಿಯನ್‌ಗಳನ್ನೂ ರಾಜ್ಯ ಪರಿಷತ್ತಿನ ನೋಂದಣಿಗೆ ಒಳಪಡಿಸಿದೆ. ಇಂಡಿಯನ್ ಡಯಟಿಟಿಕ್ ಅಸೋಸಿಯೇಷನ್ನಿನ ಆರ್.ಡಿ. ಪರೀಕ್ಷೆಗೆ ಬೆಲೆ ಇದೆ, ಖರೆ. ಆದರೆ ಅದು ಸಂಘದ ಸರ್ಟಿಫಿಕೇಟು, ಸರ್ಕಾರದ ಲೈಸೆನ್ಸಲ್ಲ.

ಹಂಗಾದ್ರ ಭೂತನಾಳದಲ್ಲಿ ಪಿ.ಯು.ಸಿ. ಆರ್ಟ್ಸ್ ಮುಗಿಸಿ ಅಂಗಡಿ ಕೆಲಸಕ್ಕೆ ಬಸ್ ಹತ್ತುವ ಹುಡುಗಿಗೆ ಬೇರೆ ದಾರಿ? ಇಗ್ನೋದ ಪೋಷಣೆ-ಆರೋಗ್ಯ ಶಿಕ್ಷಣ ಡಿಪ್ಲೊಮಾವನ್ನು ಮನೆಯಲ್ಲೇ ಓದಬಹುದು. ಅಷ್ಟರಿಂದಲೇ ಆಸ್ಪತ್ರೆಯ ಡಯಟಿಷಿಯನ್ ಆಗಲಿಕ್ಕಾಗದು. ಪದವಿ ಬೇಕು, ವಾರ್ಡಿನ ತರಬೇತಿ ಬೇಕು. ಖಾಸಗಿ ಕೋರ್ಸಿನವರು ಫೀ ಎಣಿಸಿಕೊಳ್ಳುವ ಮೊದಲೇ ಇದನ್ನು ಹೇಳಲಿ.

ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ವಿಜಯಪುರದಲ್ಲೇ ಐತಿ. ದುಡಿಯುವ ಹೆಣ್ಣುಮಕ್ಕಳಿಗಾಗಿ ಸಂಜೆ ಸೇತು ತರಗತಿ ತೆರೆಯಬಾರದೇ?