ವಿದ್ಯಾರ್ಥಿಯ ಉತ್ತರ ಯಾರದು?



ಕಳೆದ ತಿಂಗಳು ನಮ್ಮ ಸಂಘದ ವತಿಯಿಂದ ಸದಸ್ಯರ ಮಕ್ಕಳಿಗಾಗಿ ಪ್ರಬಂಧ ಸ್ಪರ್ಧೆಯೊಂದು ಏರ್ಪಟ್ಟಿತ್ತು. ವಿಷಯ: 'ತರಗತಿಯಲ್ಲಿ ನಾನು ಓದಿದ ಪುಸ್ತಕ ಅಥವಾ ನೋಡಿದ ಚಿತ್ರ ನನಗೆ ಹೇಗೆ ಕಂಡಿತು?' ಬಂದ ಪ್ರಬಂಧಗಳು ಮೂವತ್ತೊಂದು. ಪರೀಕ್ಷಕರು ಮೂವರು, ಅವರಲ್ಲಿ ನಾನೂ ಒಬ್ಬ. ಹೊಟೇಲಿನ ಕೆಲಸ ಬಿಟ್ಟು ಮನೆಯಲ್ಲಿ ಕುಳಿತವನಿಗೆ ಬೇರೆ ಉದ್ಯೋಗವಿಲ್ಲವೆಂದು ಕಾರ್ಯದರ್ಶಿಗಳು ಕಾಗದದ ಗಂಟನ್ನು ಮನೆಗೇ ತಂದು ಹಾಕಿದರು.

ಮೂವತ್ತೊಂದನ್ನೂ ಎರಡೆರಡು ಸಲ ಓದಿದೆ. ಸುಳ್ಳು ಹೇಳುವುದೇಕೆ, ಬೇಸರವಾಯಿತು. ಇಪ್ಪತ್ತಕ್ಕಿಂತ ಹೆಚ್ಚಿನವನ್ನು ಒಬ್ಬನೇ ಮನುಷ್ಯ ಕುಳಿತು ಬರೆದಂತಿತ್ತು. ಎಲ್ಲ ಚಿತ್ರಗಳೂ 'ಮನ ಕಲಕುವಂಥವು', ಎಲ್ಲ ಪುಸ್ತಕಗಳೂ 'ಸಮಾಜಕ್ಕೆ ಉತ್ತಮ ಸಂದೇಶ' ಕೊಡುವಂಥವು. ಕೆಲವನ್ನು ಗೈಡಿನಿಂದ ಎತ್ತಿದ್ದರು, ಕೆಲವನ್ನು ಮೊಬೈಲಿನಿಂದ. ಒಬ್ಬ ಹುಡುಗ ಸತ್ಯಜಿತ್ ರಾಯರ 'ಪಥೇರ್ ಪಾಂಚಾಲಿ' (೧೯೫೫) ಚಿತ್ರದ ಬಗ್ಗೆ ಎರಡು ಪುಟ ಕಣ್ಣೀರು ಸುರಿಸಿದ್ದಾನೆ. ಆದರೆ ಅಪುವಿನ ಅಕ್ಕ ದುರ್ಗಾಳನ್ನು ಅವನ ತಾಯಿಯೆಂದು ಬರೆದಿದ್ದಾನೆ. ಚಿತ್ರ ನೋಡಿದವನು ಈ ತಪ್ಪು ಮಾಡಲಾರ. ಆ ಹುಡುಗನನ್ನು ನಾನು ಬಯ್ಯುವುದಿಲ್ಲ. 'ನಿನಗೆ ಹೇಗೆ ಕಂಡಿತು' ಎಂದು ಅವನನ್ನು ಇದುವರೆಗೆ ಯಾರೂ ಕೇಳಿರಲಿಕ್ಕಿಲ್ಲ. ಒಮ್ಮೆಲೇ ಕೇಳಿದರೆ, ಪಾಪ, ಅವನೇನು ಮಾಡಿಯಾನು?

ಒಂದು ಪ್ರಬಂಧ ಮಾತ್ರ ಬೇರೆಯಾಗಿತ್ತು. ಅದು ಕಾಲೇಜಿನ ಮೊದಲನೆಯ ವರ್ಷದ ಹುಡುಗಿಯೊಬ್ಬಳದು. ಬಿಮಲ್ ರಾಯ್ ಅವರ 'ದೋ ಬಿಘಾ ಜಮೀನ್' (೧೯೫೩) ಚಿತ್ರವನ್ನು ಅವಳ ತರಗತಿಯಲ್ಲಿ ತೋರಿಸಿದರಂತೆ. ನಮ್ಮ ಹಿರಿಯ ಗಿರಣಿ ಕಾಮಗಾರರಲ್ಲಿ ಹಲವರು ಇದನ್ನು ನೋಡಿರಬಹುದು. ಕಿರಿಯರಿಗಾಗಿ ಎರಡು ಮಾತು. ಶಂಭು ಎಂಬ ರೈತನಿಗೆ ಎರಡು ಬಿಘಾ ಭೂಮಿ. ಅಲ್ಲಿ ಗಿರಣಿ ಕಟ್ಟಿಸಬೇಕೆಂದು ಜಮೀನುದಾರನ ಕಣ್ಣು. ಸಾಲ ತೀರಿಸದಿದ್ದರೆ ಭೂಮಿ ಹೋಗುತ್ತದೆ. ಶಂಭು ಕಲಕತ್ತೆಗೆ ಹೋಗಿ ಕೈರಿಕ್ಷಾ ಎಳೆಯುತ್ತಾನೆ; ಸಣ್ಣ ಮಗ ಬೂಟುಪಾಲಿಶ್ ಮಾಡುತ್ತಾನೆ. ಅಷ್ಟು ದುಡಿದರೂ ಭೂಮಿ ಉಳಿಯುವುದಿಲ್ಲ. ಕೊನೆಗೆ ಆ ಜಾಗದಿಂದ ಒಂದು ಹಿಡಿ ಮಣ್ಣು ಎತ್ತಿಕೊಂಡರೆ ಕಾವಲುಗಾರ ಅದನ್ನೂ ಬಿಡಿಸುತ್ತಾನೆ. ಶಂಭುವಿನ ಪಾತ್ರಕ್ಕಾಗಿ ಬಲರಾಜ್ ಸಾಹನಿಯವರು ಕಲಕತ್ತೆಯ ಬೀದಿಯಲ್ಲಿ ನಿಜವಾಗಿಯೇ ರಿಕ್ಷಾ ಎಳೆದು ಕಲಿತರು.

ಈ ಚಿತ್ರದ ಬಗ್ಗೆ ಬರೆಯುವವರೆಲ್ಲ ಆ ಹಿಡಿ ಮಣ್ಣಿನ ಮಾತನ್ನೇ ಎತ್ತುತ್ತಾರೆ. ಹುಡುಗಿ ಅದನ್ನು ಬಿಟ್ಟು ಬೇರೊಂದು ಕಡೆ ನಿಂತಿದ್ದಾಳೆ. ಮುಂದಿನ ರಿಕ್ಷಾದಲ್ಲಿ ಹೋಗುತ್ತಿರುವ ಹೆಂಗಸನ್ನು ಹಿಡಿಯಬೇಕೆಂದು ಗಿರಾಕಿಯೊಬ್ಬ ಹೆಚ್ಚು ಹೆಚ್ಚು ಹಣದ ಆಸೆ ತೋರಿಸಿ ಶಂಭುವನ್ನು ಓಡಿಸುತ್ತಾನೆ. ಚಕ್ರ ಕಳಚಿ ಶಂಭು ಬಿದ್ದು ಗಾಯಗೊಳ್ಳುತ್ತಾನೆ. ಇದನ್ನು ಹೇಳಿ ಹುಡುಗಿ ಬರೆಯುತ್ತಾಳೆ: 'ಆ ಗಿರಾಕಿಯ ಮೇಲೆ ನನಗೆ ಸಿಟ್ಟು ಬಂತು. ಆಮೇಲೆ, ತರಿಸಿದ ಊಟ ಹತ್ತು ನಿಮಿಷ ತಡವಾಯಿತೆಂದು ಸೈಕಲಿನಲ್ಲಿ ತಂದುಕೊಟ್ಟ ಹುಡುಗನನ್ನು ನಾನು ಬಯ್ದದ್ದು ನೆನಪಾಯಿತು.'

ಇದರ ಮುಂದಿನ ಸಾಲನ್ನು ಬೇರೆ ಶಾಯಿಯಲ್ಲಿ ಗೀಟು ಎಳೆದು ಹೊಡೆದುಹಾಕಿದ್ದರು. ಬೆಳಕಿಗೆ ಹಿಡಿದರೆ ಓದಲು ಬರುತ್ತಿತ್ತು: 'ನನ್ನ ಅಪ್ಪ ಹನ್ನೆರಡನೆಯ ವಯಸ್ಸಿನಲ್ಲಿ ಹೊಟೇಲಿನ ಮೋರಿಯಲ್ಲಿ ಕಪ್ಪುಬಶಿ ತೊಳೆಯುತ್ತಿದ್ದರು, ಅವರಿಗೂ ಹೀಗೆಯೇ ಬೇಗ ಬೇಗ ಎಂದು ಕೂಗುತ್ತಿದ್ದರಂತೆ.' ಅದರ ಮೇಲ್ಗಡೆ ದೊಡ್ಡವರ ಅಕ್ಷರದಲ್ಲಿ ಬರೆದದ್ದು: 'ನನ್ನ ತಂದೆಯವರು ಹೊಟೇಲು ಉದ್ಯಮದಲ್ಲಿದ್ದಾರೆ.'

ಆ ತಂದೆ ಯಾರೆಂದು ನನಗೆ ಗೊತ್ತಿಲ್ಲ; ಹೆಸರು ಮುಚ್ಚಿಯೇ ಕೊಟ್ಟಿದ್ದರು. ಗೊತ್ತಾಗುವುದೂ ಬೇಡ. ನಾಲ್ಕು ಜನ ಓದುವ ಕಾಗದದಲ್ಲಿ ಮಗಳು ಸಣ್ಣವಳಾಗಬಾರದೆಂದು ಅವರು ಹಾಗೆ ಮಾಡಿದರು. ಆ ನಾಚಿಕೆ ನನಗೂ ಗೊತ್ತು. ಊರಿಗೆ ಹೋದಾಗ 'ಮುಂಬಯಿಯಲ್ಲಿ ಏನು ಕೆಲಸ' ಎಂದು ಕೇಳಿದವರಿಗೆ ನಾನೂ 'ಹೊಟೇಲು ಲೈನು' ಎಂದು ಹೇಳಿ ಮಾತು ತಿರುಗಿಸಿದವನೇ. ಆದರೂ ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುತ್ತೇನೆ: ಆ ತಂದೆ ಹೊಡೆದುಹಾಕಿದ್ದು ಮಗಳ ಉತ್ತರವನ್ನೇ. ಉಳಿದದ್ದು ಅದಕ್ಕೆ ಪೀಠಿಕೆ ಮಾತ್ರ.

ಇದನ್ನು ಇಷ್ಟು ಧೈರ್ಯದಿಂದ ಹೇಳಲು ನನ್ನದೇ ಒಂದು ಅನುಭವ ಕಾರಣ.

ನಾನು ಮುಂಬಯಿಗೆ ಬಂದದ್ದು ೧೯೭೨ರಲ್ಲಿ. ಫೋರ್ಟಿನ ಹೊಟೇಲೊಂದರಲ್ಲಿ ಮೊದಲು ಕ್ಲೀನರ್, ಆಮೇಲೆ ಸಪ್ಲಾಯರ್. ಸಂಜೆ ಕೆಲಸ ಬಿಟ್ಟು, ಮುಖ ತೊಳೆದು, ಓಡುತ್ತ ರಾತ್ರಿಶಾಲೆಗೆ ಹೋಗಬೇಕು. ಬೆಂಚಿನ ಮೇಲೆ ಕುಳಿತೊಡನೆ ನಿದ್ದೆ. ನಮಗೆ ಕನ್ನಡ ಕಲಿಸುತ್ತಿದ್ದ ಮಾಸ್ತರರು ನಿದ್ದೆ ಬಿಡಿಸಲು ಒಂದು ಉಪಾಯ ಮಾಡಿದ್ದರು. ಪಾಠ ಮುಗಿದ ಮೇಲೆ ಉಳಿದ ಹತ್ತು ಹದಿನೈದು ನಿಮಿಷ ತಮ್ಮ ಸ್ವಂತ ಪ್ರತಿಯಿಂದ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಓದುತ್ತಿದ್ದರು. ಅದು ೧೯೩೩ರಲ್ಲಿ ಬಂದ ಕಾದಂಬರಿ. ಓದು ಮುಗಿದ ಕೆಲವು ತಿಂಗಳಿಗೆ ಬಿ. ವಿ. ಕಾರಂತರು ನಿರ್ದೇಶಿಸಿದ ಚಿತ್ರವೂ (೧೯೭೫) ಮುಂಬಯಿಗೆ ಬಂತು. ಸುವರ್ಣ ಕಮಲ ಪಡೆದ ಚಿತ್ರ; ಚೋಮನಾಗಿ ನಟಿಸಿದ ಎಂ. ವಿ. ವಾಸುದೇವ ರಾವ್ ಅವರಿಗೆ ದೇಶದ ಶ್ರೇಷ್ಠ ನಟನೆಂಬ ಪ್ರಶಸ್ತಿ. ಒಂದು ಆದಿತ್ಯವಾರ ಬೆಳಗಿನ ಆಟಕ್ಕೆ ಮಾಸ್ತರರು ನಮ್ಮನ್ನೆಲ್ಲ ಕರೆದೊಯ್ದರು. ಟಿಕೇಟಿನ ದುಡ್ಡು ನಮ್ಮದೇ. ಮರುದಿನ ಹೇಳಿದರು, "ಚೋಮನನ್ನು ಕಂಡು ನಿಮಗೇನನ್ನಿಸಿತೋ ಅದನ್ನು ಬರೆದುಕೊಂಡು ಬನ್ನಿ. ನನಗೇನನ್ನಿಸಿತೆಂದು ಬರೆಯಬೇಡಿ."

ನಾನು ನಾಲ್ಕು ಪುಟ ಬರೆದೆ. ನನ್ನ ಅಪ್ಪ ಗೇಣಿ ಒಕ್ಕಲು. ಆ ವರ್ಷಗಳಲ್ಲಿ ಊರಿಗೆ ಊರೇ ಭೂಮಿಯ ಮಾತಿನಲ್ಲಿ ಮುಳುಗಿತ್ತು. ೧೯೭೪ರ ಮಾರ್ಚ್ ೧ರಿಂದ ಕರ್ನಾಟಕದಲ್ಲಿ ಹೊಸ ಭೂಸುಧಾರಣೆಯ ಕಾನೂನು ಜಾರಿಗೆ ಬಂದು, ಗೇಣಿಗೆ ಉಳುವವನು ಡಿಕ್ಲರೇಶನ್ ಕೊಟ್ಟರೆ ಭೂಮಿ ಅವನದಾಗುವ ದಾರಿಯಾಗಿತ್ತು. ಅಪ್ಪನೂ ಕೊಟ್ಟಿದ್ದ. ಧಣಿಗಳಿಗೆ ಸಿಟ್ಟು, ಭೂನ್ಯಾಯ ಮಂಡಳಿಯ ಮುಂದೆ ಕೇಸು. ನಾನು ತಿಂಗಳು ತಿಂಗಳು ಕಳಿಸಿದ ಮನಿಯಾರ್ಡರು ಬಸ್ಸಿನ ಖರ್ಚಿಗೂ ವಕೀಲರಿಗೂ ಹೋಗುತ್ತಿತ್ತು. ಹೀಗಿರುವಾಗ, ತನ್ನದೊಂದು ಗದ್ದೆ ಬೇಕೆಂದು ಹಂಬಲಿಸಿ ಹಂಬಲಿಸಿ, ಕೊನೆಗೆ ನೇಗಿಲು ಮುರಿದು ದುಡಿ ಬಾರಿಸುತ್ತ ಸಾಯುವ ಚೋಮನಲ್ಲಿ ನನಗೆ ಬೇರೆ ಯಾರು ಕಂಡಾರು? 'ಚೋಮನೆಂದರೆ ನನ್ನ ಅಪ್ಪ' ಎಂದು ಬರೆದೆ. ಮಾಸ್ತರರು ಅದನ್ನು ತರಗತಿಯಲ್ಲಿ ಓದಿಸಿದರು. ಎರಡು ಮೂರು ಹುಡುಗರು ಕಣ್ಣೊರೆಸಿಕೊಂಡರು. ನಾನು ಹೆಮ್ಮೆಯಿಂದ ಕುಳಿತೆ.

ಆಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಗಿರಣಿಯೊಂದರ ನೂಲಿನ ಖಾತೆಯಲ್ಲಿ ಬದಲಿ ಕಾಮಗಾರ, ನಮ್ಮ ತಾಲೂಕಿನವನೇ. ಸಾಮಾನ್ಯವಾಗಿ ಬಾಯಿ ಬಿಡುವವನಲ್ಲ.

"ಸರ್, ಇವನು ಬರೆದದ್ದು ಚೆಂದ ಉಂಟು. ಆದರೆ ಇವನ ಅಪ್ಪ ಚೋಮ ಅಲ್ಲ. ಚೋಮ ನಮ್ಮವನು. ಇವರ ಮನೆಯ ಅಂಗಳಕ್ಕೆ ನಾವು ಹತ್ತುವ ಹಾಗಿರಲಿಲ್ಲ. ನೀಲ ನೀರಲ್ಲಿ ಮುಳುಗುವಾಗ ಇವನ ಅಪ್ಪ ದಡದಲ್ಲಿ ನಿಂತವರ ಪೈಕಿ."

ನೀಲನೆಂದರೆ ಚೋಮನ ಕಿರಿಯ ಮಗ. ಮುಟ್ಟಬಾರದವರ ಹುಡುಗನೆಂದು ದಡದಲ್ಲಿದ್ದವರು ಕೈಚಾಚದೆ ಅವನು ಮುಳುಗಿ ಸಾಯುತ್ತಾನೆ.

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನನ್ನು ಕೊಲೆಗಾರನೆಂದ ಹಾಗಾಯಿತಲ್ಲ! ಕೈಕೈ ಮಿಲಾಯಿಸುವುದೊಂದು ಬಾಕಿ. ಮಾಸ್ತರರು ನನ್ನ ಪರವನ್ನೂ ವಹಿಸಲಿಲ್ಲ, ಅವನ ಪರವನ್ನೂ ವಹಿಸಲಿಲ್ಲ. ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ನೀನು ಹೇಳಿದ್ದು ಇದರಲ್ಲಿ ಎಲ್ಲಿದೆ, ಅವನು ಹೇಳಿದ್ದು ಎಲ್ಲಿದೆ, ನೋಡಿಕೊಂಡು ಬಾ" ಎಂದರು.

ಹೊಟೇಲಿನ ಅಟ್ಟದ ಮೇಲೆ, ಮೈದಾ ಚೀಲಗಳ ನಡುವೆ, ಒಂದು ವಾರ ಓದಿದೆ. ಮೊದಲ ಸಲ ಕಿವಿಯಿಂದ ಜಾರಿಹೋದದ್ದು ಈಗ ಒಂದೊಂದಾಗಿ ಸಿಕ್ಕಿತು. ಚೋಮನ ಹಟ್ಟಿಯಲ್ಲಿ ಎತ್ತುಗಳಿದ್ದವು, ಉಳಲು ಗದ್ದೆಯಿಲ್ಲ. ನಮ್ಮಲ್ಲಿ ಗದ್ದೆಯಿತ್ತು, ಎಷ್ಟೋ ವರ್ಷ ಎತ್ತುಗಳನ್ನು ಬಾಡಿಗೆಗೆ ತರುತ್ತಿದ್ದೆವು. ನನ್ನ ಅಪ್ಪ ಬಡವನೆಂದು ಧಣಿ ಅವನನ್ನು ದೂರವಿಟ್ಟಿರಲಿಲ್ಲ. ಬಡವನಿಗೇ ಗೇಣಿ ಕೊಟ್ಟಿದ್ದರು. ಚೋಮನಿಗೆ ಗದ್ದೆ ಸಿಗದ್ದು ಬಡತನದಿಂದಲ್ಲ. ಅವನ ಜಾತಿಯವನು ಒಕ್ಕಲಾಗುವ ರೂಢಿಯೇ ಊರಿನಲ್ಲಿರಲಿಲ್ಲ. ಹಾಗಾದರೆ ೧೯೭೪ರ ಕಾನೂನಿನಿಂದ ನನ್ನ ಅಪ್ಪನಿಗೆ ಭೂಮಿ ಬರುವಂತಿದ್ದರೆ, ಈ ಬದಲಿ ಕಾಮಗಾರನ ಅಪ್ಪನಿಗೆ ಏನು? ಕೂಲಿ ಮಾಡುವವನಿಗೆ ಡಿಕ್ಲರೇಶನ್ ಕೊಡಲು ಗೇಣಿಯೇ ಇಲ್ಲವಲ್ಲ! ಇದನ್ನು ನನಗೆ ಯಾವ ಗೈಡೂ ಹೇಳಿರಲಿಲ್ಲ. ಅಪ್ಪನ ಮೇಲೆ ನಾನು ಬರೆದ ನಾಲ್ಕು ಪುಟವೇ ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಿತು. ಆ ನಾಲ್ಕು ಪುಟ ಬರೆಯದೆ ಇದ್ದಿದ್ದರೆ ಅವನು ಎದ್ದು ನಿಲ್ಲುತ್ತಲೂ ಇರಲಿಲ್ಲ.

ಆಮೇಲೆ ನಾವಿಬ್ಬರೂ ಸ್ನೇಹಿತರಾದೆವು. ಗಿರಣಿಯ ಹಳೆಯ ಕತೆಯೊಂದನ್ನು ಅವನೇ ನನಗೆ ಹೇಳಿದ್ದು. ಹಿಂದೆ ನೇಯ್ಗೆಯ ಖಾತೆಯಲ್ಲಿ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಹೀರಿ ಎಳೆಯಬೇಕಾಗಿದ್ದುದರಿಂದ ಎಂಜಲಾಗುತ್ತದೆಂದು ಉಳಿದ ಕಾಮಗಾರರ ತಕರಾರು. ೧೯೨೮ರ ಮುಷ್ಕರದ ಕಾಲಕ್ಕೆ ಡಾ. ಅಂಬೇಡ್ಕರರು ಈ ಪ್ರಶ್ನೆಯನ್ನು ಕಾರ್ಮಿಕರ ಮುಂದೆಯೇ ಎತ್ತಿದ್ದರು. ನಾನು ಹೊಟೇಲಿನ ಮೋರಿಯಲ್ಲಿ ಯಾರ ಯಾರದೋ ಎಂಜಲು ತೊಳೆಯುತ್ತಿದ್ದವನು. ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದೆ. ೧೯೮೨ರ ಮುಷ್ಕರದಲ್ಲಿ ಅವನ ಕೆಲಸ ಹೋಯಿತು. ಊರಿಗೆ ಹೋದವನು ಮತ್ತೆ ಬರಲಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆ ವರ್ಷ ಪರೀಕ್ಷೆಯಲ್ಲಿ 'ನನ್ನ ಮೆಚ್ಚಿನ ಪುಸ್ತಕ' ಎಂಬ ಪ್ರಬಂಧ ಬಂತು. ನಾನು ದಡದಲ್ಲಿ ನಿಂತವರ ವಿಷಯವನ್ನೇ ಬರೆದೆ. ತಿದ್ದಿದವರು ಬೇರೆ ಯಾರೋ. ಅಂಚಿನಲ್ಲಿ ಕೆಂಪು ಶಾಯಿಯಿಂದ 'ಅಪ್ರಸ್ತುತ' ಎಂಬ ಒಂದೇ ಶಬ್ದ, ಇಪ್ಪತ್ತಕ್ಕೆ ಐದು ಅಂಕ. ಆದುದರಿಂದ, 'ಸ್ವಂತ ಮಾತು ಬರೆದರೆ ಅಂಕ ಬರುತ್ತದೆಯೇ?' ಎಂದು ನೀವು ಕೇಳಿದರೆ, ಬರುತ್ತದೆಂದು ನಾನು ಆಣೆ ಮಾಡಲಾರೆ. ನಮ್ಮ ಮಕ್ಕಳು ಪಾಸಾಗಬೇಕು, ಅದು ಹೊಟ್ಟೆಯ ಪ್ರಶ್ನೆ. ಪರೀಕ್ಷೆಗೆ ಬೇಕಾದ ಉತ್ತರವನ್ನು ಅವರು ಕಲಿತುಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ವರ್ಷವಿಡೀ ಓದಿದ್ದೆಲ್ಲ ಅದೊಂದೇ ಆಗಿ, ತನ್ನ ಕಣ್ಣಿಗೆ ಏನು ಕಂಡಿತೆಂದು ಹೇಳಲು ಬಾರದ ಹುಡುಗ, ನಾಳೆ ಹೊಟೇಲಿನಲ್ಲಿ ಓವರ್‌ಟೈಮಿನ ಲೆಕ್ಕ ತಪ್ಪಿದಾಗ ಬಾಯಿ ಬಿಟ್ಟಾನೆಯೇ?

ಹಾಗೆಂದು 'ನನಗೆ ಅಳು ಬಂತು' ಎಂದೊಡನೆ ಅದು ಉತ್ತರವಾಗುವುದಿಲ್ಲ. ಈ ತಪ್ಪನ್ನು ನಾನೇ ಮಾಡಿದವನು. ಪುಸ್ತಕದಲ್ಲಿ ನಮ್ಮ ಮುಖವನ್ನು ಕಂಡುಕೊಂಡು ಸಂತೋಷಪಡುವುದು ಸುಲಭ. ದುಃಖ ಪಡುವವನ ಜಾಗದಲ್ಲಿ ಎಲ್ಲರೂ ನಿಲ್ಲುತ್ತಾರೆ. ಅದರಲ್ಲಿ ಒಂದು ಸುಖವಿದೆ. ದಡದಲ್ಲಿ ನಿಂತವನ ಜಾಗದಲ್ಲಿ, ರಿಕ್ಷಾದಲ್ಲಿ ಕುಳಿತವನ ಜಾಗದಲ್ಲಿ ತನ್ನನ್ನು ಕಾಣುವುದು ಕಷ್ಟ. ನನಗೆ ಅದನ್ನು ಇನ್ನೊಬ್ಬ ಎದ್ದು ನಿಂತು ತೋರಿಸಬೇಕಾಯಿತು. ಈ ಹುಡುಗಿಗೆ ಅದು ತಾನಾಗಿಯೇ ಕಂಡಿದೆ. ಬಯ್ದವಳು ತಾನು, ಬಯ್ಸಿಕೊಂಡವನು ತನ್ನ ಅಪ್ಪ. ಎರಡೂ ಸಾಲು ಒಟ್ಟಿಗೆ ಇದ್ದಿದ್ದರೆ ಅದಕ್ಕಿಂತ ಒಳ್ಳೆಯ ಪ್ರಬಂಧವನ್ನು ನಾವು ಯಾರೂ ಬರೆಯಲಾರೆವು. ಎರಡನೆಯದನ್ನು ಹೊಡೆದುಹಾಕಿದ ಮೇಲೆ ಮೊದಲನೆಯದು ಬರಿಯ ಒಳ್ಳೆಯ ನಡತೆಯ ಮಾತಾಗಿ ಉಳಿಯಿತು.

ನಾನು ಇದಕ್ಕೇ ಮೊದಲನೆಯ ಬಹುಮಾನವೆಂದೆ. ಉಳಿದಿಬ್ಬರು ಒಪ್ಪಲಿಲ್ಲ. ಒಬ್ಬರು, "ಅಕ್ಷರ ಅಂದವಿಲ್ಲ, ಕಾಗದದಲ್ಲಿ ಚಿತ್ತು" ಎಂದರು. ಇನ್ನೊಬ್ಬರು, "ಹೊಡೆದುಹಾಕಿದ ಸಾಲಿಗೆ ಅಂಕ ಕೊಡುವುದು ಯಾವ ಲೆಕ್ಕ ಮಾರಾಯರೇ?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡಕ್ಕೆ ಒಂದು ಮತದಿಂದ ಬಹುಮಾನ ಬೇರೆಯದಕ್ಕೆ ಹೋಯಿತು. ಹುಡುಗಿಗೆ ಸಮಾಧಾನಕರ ಬಹುಮಾನ. ಕಾಗದಗಳನ್ನು ಹಿಂದಿರುಗಿಸುವ ಮೊದಲು, ಆ ಗೀಟಿನ ಪಕ್ಕದಲ್ಲಿ ಪೆನ್ಸಿಲಿನಿಂದ 'ಇದು ಇರಲಿ' ಎಂದು ಬರೆದಿದ್ದೇನೆ. ತಂದೆಯವರಿಗೆ ಸಿಟ್ಟು ಬಂದರೆ ಕ್ಷಮಿಸಬೇಕು.

ಬರುವ ವರ್ಷದ ಸ್ಪರ್ಧೆಗೆ ನನ್ನದೊಂದು ಸೂಚನೆಯಿದೆ. ಪ್ರಬಂಧವನ್ನು ಮನೆಯಿಂದ ಬರೆದು ತರಿಸುವುದು ಬೇಡ. ಮಕ್ಕಳನ್ನು ಒಂದು ಆದಿತ್ಯವಾರ ಸಂಘದ ಕೋಣೆಯಲ್ಲಿ ಸೇರಿಸಿ, ಮೊಬೈಲುಗಳನ್ನು ಹೊರಗಿಟ್ಟು, ಒಂದು ಚಿತ್ರವನ್ನು ತೋರಿಸಿ, ಅಲ್ಲಿಯೇ ಒಂದು ತಾಸು ಬರೆಯಿಸಬೇಕು. ಬರೆದದ್ದನ್ನು ಅವರವರೇ ಓದಿ ಹೇಳಬೇಕು. ಕೇಳಿದವರಿಗೆ ಎದ್ದು ನಿಂತು 'ಹಾಗಲ್ಲ' ಎನ್ನಲು ಅವಕಾಶವಿರಬೇಕು. ತಂದೆತಾಯಿಗಳು ಹಿಂದಿನ ಸಾಲಿನಲ್ಲಿ ಕುಳಿತು ಕೇಳಬಹುದು, ಪೆನ್ನು ತರಬಾರದು. ಮುಂದಿನ ಕಾರ್ಯಕಾರಿ ಸಭೆಯಲ್ಲಿ ಇದು ಚರ್ಚೆಗೆ ಬರಲಿದೆ. ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಕಾರ್ಯದರ್ಶಿಗಳಿಗೆ ಬರೆದು ತಿಳಿಸಬೇಕಾಗಿ ವಿನಂತಿ.