ಸೈನ್ಯದ ಖರ್ಚಿಗೆ ಹೋದ ಸೀಮೆ

ರಾಯದುರ್ಗದ ಪೇಟೆಯಲ್ಲಿ, ಮಡಕಶಿರದ ಹಳ್ಳಿಗಳಲ್ಲಿ ಮಾತು ಕನ್ನಡ, ಕಚೇರಿ ಕಾಗದ ತೆಲುಗು. ಕಾರಣ ಕೇಳಿದರೆ ರಾಯದುರ್ಗದವರು 1953ರ ಅಕ್ಟೋಬರ್ 1ನ್ನು ನೆನೆಯುತ್ತಾರೆ. ಬಳ್ಳಾರಿ ಜಿಲ್ಲೆಯನ್ನು ಒಡೆದು ರಾಯದುರ್ಗ, ಆದೋನಿ, ಆಲೂರುಗಳನ್ನು ಹೊಸ ಆಂಧ್ರಕ್ಕೆ ಸೇರಿಸಿದ ದಿನ ಅದು. ಆದರೆ ಅದಕ್ಕೂ ಒಂದೂವರೆ ಶತಮಾನದ ಹಿಂದೆ ಈ ಸೀಮೆ ಕೈಬದಲಾದದ್ದು ಭಾಷೆಯ ಕಾರಣಕ್ಕಲ್ಲ, ಒಂದು ಸೈನಿಕ ಮೈತ್ರಿಯ ಕಾರಣಕ್ಕೆ.

1795ರಲ್ಲಿ ಖರ್ಡಾದಲ್ಲಿ ಮರಾಠರಿಂದ ಸೋತ ಹೈದರಾಬಾದಿನ ನಿಜಾಮನಿಗೆ ನೆರೆಯವರ ಭಯ ಹಿಡಿದಿತ್ತು. 1798ರಲ್ಲಿ ಆತ ಫ್ರೆಂಚ್ ಅಧಿಕಾರಿಗಳ ಕೈಕೆಳಗಿದ್ದ ತನ್ನ ಪಡೆಯನ್ನು ವಿಸರ್ಜಿಸಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸೈನ್ಯವನ್ನು ಒಪ್ಪಿಕೊಂಡ. 1800ರ ಅಕ್ಟೋಬರ್‌ನಲ್ಲಿ ಆ ಸೈನ್ಯವನ್ನು ಹೆಚ್ಚಿಸುವ ಇನ್ನೊಂದು ಒಪ್ಪಂದವಾಯಿತು. ಖರ್ಚಿಗೆ ನಗದಿನ ಬದಲು ನೆಲವನ್ನೇ ಬರೆದುಕೊಟ್ಟ. ಅದೂ ಎಂಥ ನೆಲ? ಇದೇ ಕಂಪನಿಯ ಜೊತೆ ನಿಂತು ಟಿಪ್ಪುವಿನ ಮೇಲೆ ಯುದ್ಧ ಹೂಡಿ 1792 ಮತ್ತು 1799ರಲ್ಲಿ ಪಾಲಿಗೆ ಪಡೆದದ್ದು! ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ಹೀಗೆ ‘ದತ್ತ ಮಂಡಲ’ವಾದವು. ಥಾಮಸ್ ಮನ್ರೊ ಕಲೆಕ್ಟರನಾಗಿ ಬಂದ. ಪಾಳೆಯಗಾರರನ್ನು ಮಣಿಸಿದ, ಹೊಲ ಹೊಲ ಅಳೆಸಿ ಕಂದಾಯ ಕಟ್ಟಿದ. ನಿಜಾಮನ ಗದ್ದುಗೆ ಉಳಿಯಿತು. ಅದರ ಕಾವಲಿನ ಖರ್ಚು ಮಳೆ ಕಾಣದ ಈ ಕೆಂಪು ಹೊಲಗಳ ರೈತನ ಮೇಲೆ ಬಿತ್ತು. ಅವನನ್ನು ಯಾರೂ ಕೇಳಿರಲಿಲ್ಲ.

ಕೇಳದೆಯೇ ಯುದ್ಧಕ್ಕೆ ಎಳೆಯುವುದು 1939ರಲ್ಲಿ ಮತ್ತೆ ನಡೆಯಿತು. ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದ. ಮರುವರ್ಷ ಅಕ್ಟೋಬರ್ 17ರಂದು ವಿನೋಬಾ ಅವರಿಂದ ಆರಂಭವಾದ ವೈಯಕ್ತಿಕ ಸತ್ಯಾಗ್ರಹದ ತಿರುಳು ಒಂದೇ: ಈ ಯುದ್ಧಕ್ಕೆ ಹಣವನ್ನಾಗಲಿ ಜನರನ್ನಾಗಲಿ ಕೊಡುವುದಿಲ್ಲ. ಅನಂತಪುರ ಜಿಲ್ಲೆಯ ತರಿಮೆಲ ನಾಗಿರೆಡ್ಡಿ ಯುದ್ಧದ ಆರ್ಥಿಕ ಪರಿಣಾಮಗಳ ಬಗ್ಗೆ ಪುಸ್ತಕ ಬರೆದು ಸೆರೆಮನೆ ಕಂಡದ್ದೂ ಆಗಲೇ. ಆದರೆ 1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ನುಗ್ಗಿದ ಮೇಲೆ ಅವರ ಕಮ್ಯುನಿಸ್ಟ್ ಪಕ್ಷ ನಿಲುವು ಬದಲಿಸಿತು. ಅದೇ ಯುದ್ಧ ‘ಜನತಾ ಯುದ್ಧ’ವಾಯಿತು. ಫ್ಯಾಸಿಸಂ ಸೋಲಬೇಕೆಂಬ ವಾದವನ್ನು ತಳ್ಳಿಹಾಕಲಾಗದು. ಆದರೂ ನಮ್ಮ ಶಾಂತಿ ಚಳವಳಿಯ ಒಂದು ಚಾಳಿ ಇಲ್ಲಿಯೇ ಕಾಣಿಸುತ್ತದೆ: ದಾಳಿ ಮಾಡಿದವರು ಯಾರೆಂದು ನೋಡಿಕೊಂಡು ಬಾಯಿ ತೆರೆಯುವುದು.

ಅಣ್ವಸ್ತ್ರ ನಿಷೇಧ ಕೋರಿದ ಸ್ಟಾಕ್‌ಹೋಮ್ ಮನವಿಗೆ 1950ರಲ್ಲಿ ಉತ್ಸಾಹದಿಂದ ಸಹಿ ಸಂಗ್ರಹಿಸಿದ ಪಾಳಯ 1956ರಲ್ಲಿ ಹಂಗೆರಿಗೆ ಸೋವಿಯತ್ ಟ್ಯಾಂಕ್‌ಗಳು ನುಗ್ಗಿದಾಗ ಸಮಜಾಯಿಷಿ ಹುಡುಕಿತು. ಸರ್ಕಾರವೂ ತಡವರಿಸಿತು; ನೆಹರೂ ಅವರನ್ನು ಜಯಪ್ರಕಾಶ ನಾರಾಯಣ್ ಬಹಿರಂಗವಾಗಿಯೇ ಟೀಕಿಸಿದರು. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಗಾನಿಸ್ತಾನಕ್ಕೆ ಇಳಿದಾಗ ರಾಷ್ಟ್ರಪತಿ ಭವನದಲ್ಲಿದ್ದವರು ಇದೇ ಅನಂತಪುರ ಜಿಲ್ಲೆಯ ನೀಲಂ ಸಂಜೀವರೆಡ್ಡಿ. ಅಲಿಪ್ತ ನೀತಿಯ ಭಾರತ 1980ರ ಜನವರಿ 14ರಂದು ವಿದೇಶಿ ಸೇನೆ ಅಲ್ಲಿಂದ ಹಿಂದೆ ಸರಿಯಬೇಕೆಂಬ ನಿರ್ಣಯದ ಮೇಲೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ನಡೆದ ಮತದಾನದಿಂದ ದೂರ ಉಳಿಯಿತು. ಆ ನಿರ್ಣಯದ ಪರ ಬಿದ್ದ ಮತ 104. 2003ರ ಏಪ್ರಿಲ್‌ನಲ್ಲಿ ಮಾತ್ರ ನಮ್ಮ ಲೋಕಸಭೆ ಇರಾಕಿನ ಮೇಲಿನ ಅಮೆರಿಕದ ದಾಳಿಯನ್ನು ನೇರವಾಗಿ ನಿಂದಿಸಿತು. ಜುಲೈನಲ್ಲಿ ವಾಜಪೇಯಿ ಸರ್ಕಾರ ಅಲ್ಲಿಗೆ ಸೇನೆ ಕಳಿಸಲು ಒಪ್ಪಲಿಲ್ಲ. ಹೇಳಬೇಕಾದ್ದನ್ನು ಹೇಳಿದರೆ ಆಕಾಶವೇನೂ ಕಳಚಿ ಬೀಳಲಿಲ್ಲ.

2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಮರುದಿನವೇ ಮಹಾಸಭೆಯ 141 ದೇಶಗಳು ರಷ್ಯಾದ ದಾಳಿಯನ್ನು ಖಂಡಿಸಿದವು. ಹೊರಗುಳಿದ 35ರಲ್ಲಿ ಭಾರತವೂ ಒಂದು. ತೈಲ, ಶಸ್ತ್ರಾಸ್ತ್ರಗಳ ಲೆಕ್ಕ ಸರ್ಕಾರಕ್ಕಿದ್ದೀತು. ಶಾಂತಿಯ ಹೆಸರಿನಲ್ಲಿ ಸಂಘಟನೆ ಕಟ್ಟಿಕೊಂಡವರಿಗೆ ಯಾವ ಲೆಕ್ಕ? ನ್ಯಾಟೊ ವಿಸ್ತರಣೆಯನ್ನು ವಿರೋಧಿಸಿ, ಬೇಡ ಎನ್ನುವವರಾರು? ಆದರೆ ದಾಳಿಯನ್ನು ವಿರೋಧಿಸದವರ ಬಾಯಲ್ಲಿ ಆ ಮಾತಿಗೆ ತೂಕವಿಲ್ಲ. ಫಿನ್‌ಲೆಂಡ್ 2023ರಲ್ಲಿ ನ್ಯಾಟೊ ಸೇರಿದ್ದು ಉಕ್ರೇನಿಗೆ ಆದದ್ದನ್ನು ನೋಡಿ. ಖರ್ಡಾದ ಸೋಲಿನ ನಂತರ ನಿಜಾಮನೂ ಹೀಗೆಯೇ ಓಡಿದ್ದ. ದಾಳಿಕೋರನನ್ನು ತಡೆಯಲು ನೆರವಾಗದ ಜಗತ್ತು ಭಯಗೊಂಡವನಿಗೆ ‘ಮೈತ್ರಿಗೆ ಹೋಗಬೇಡ’ ಎಂದರೆ ಅವನು ಕೇಳುವುದಿಲ್ಲ.

ಹಾಗೆಂದು ಮೈತ್ರಿಯ ಪ್ರಶ್ನೆ ಸಣ್ಣದಲ್ಲ. ಅಮೆರಿಕದೊಂದಿಗೆ 2016ರಲ್ಲಿ ಸೇನಾ ಸರಕು ಸಾಗಣೆಯ ಒಪ್ಪಂದಕ್ಕೆ ಸಹಿ ಬಿದ್ದಾಗ ಸಂಸತ್ತಿನ ಒಪ್ಪಿಗೆ ಬೇಕಾಗಲಿಲ್ಲ, ನಮ್ಮ ಸಂವಿಧಾನದ ಪ್ರಕಾರ ಬೇಕಾಗುವುದೂ ಇಲ್ಲ. ಶಾಂತಿ ಚಳವಳಿ ಹಿಡಿಯಬೇಕಾದ ಹಟ ಇಲ್ಲಿದೆ: ಒಪ್ಪಂದ ವಾಷಿಂಗ್ಟನ್ ಜೊತೆಗಿರಲಿ, ಮಾಸ್ಕೊ ಜೊತೆಗಿರಲಿ, ಸಹಿಗೆ ಮೊದಲು ಅದು ಲೋಕಸಭೆಯಲ್ಲಿ ಚರ್ಚೆಗೆ ಬರಬೇಕು. ಅನಂತಪುರ, ಹಿಂದೂಪುರ ಕ್ಷೇತ್ರಗಳ ಸಂಸದರು ಆ ಬೇಡಿಕೆ ಇಡಲಿ. ಕೇಳದೆ ಬರೆದುಕೊಟ್ಟ ನೆಲದ ಪ್ರತಿನಿಧಿಗಳಾಗಿ ಅದನ್ನು ಕೇಳುವ ಹಕ್ಕು ಅವರಿಗೆ ಎಲ್ಲರಿಗಿಂತ ಹೆಚ್ಚು.